ಸಂಪ್ ಅಥವಾ ಕ್ಯಾನಿಸ್ಟರ್: ಮೊದಲ ದೊಡ್ಡ ಹವಳದ ತೊಟ್ಟಿಗೆ ಯಾವುದು?

ಜೀವಂತ ಹವಳ ಸಾಕುವ 400 ಲೀಟರಿನ ಉಪ್ಪುನೀರಿನ ತೊಟ್ಟಿಯನ್ನು ಕ್ಯಾನಿಸ್ಟರ್ ಫಿಲ್ಟರಿನಿಂದಲೂ (ತೊಟ್ಟಿಯ ಹೊರಗಿಟ್ಟು ನೀರು ಸೋಸುವ ಮುಚ್ಚಿದ ಡಬ್ಬಿ) ನಡೆಸಬಹುದು. ನನ್ನ ಒಲವು ಮಾತ್ರ ಸಂಪ್ ಕಡೆಗೆ. ಕ್ಯಾನಿಸ್ಟರ್‌ಗೆ ಖರ್ಚೂ ಜಾಗವೂ ಕಡಿಮೆ. ಆದರೆ ಸ್ಪಂಜಿನಲ್ಲಿ ಸಿಕ್ಕಿಕೊಂಡ ಕಸ ಅಲ್ಲೇ ಕೊಳೆತು, ಪಾಚಿಗೆ ಗೊಬ್ಬರವಾಗುವ ನೈಟ್ರೇಟ್ ನೀರಿನಲ್ಲಿ ಏರುತ್ತದೆ. ತೊಳೆಯಲು ಸೋಮಾರಿತನ ಮಾಡಿದರೆ ಪಾಚಿ ಹಬ್ಬುತ್ತದೆ.

ಸಂಪ್ ಎಂದರೆ ಕೆಳಗಿನ ಕಪಾಟಿನಲ್ಲಿ ಕೂರುವ ಇನ್ನೊಂದು ತೊಟ್ಟಿ. ಒಟ್ಟು ನೀರು ಹೆಚ್ಚುವುದರಿಂದ ಉಪ್ಪಿನಂಶ, ಉಷ್ಣತೆ ಥಟ್ಟನೆ ಏರುಪೇರಾಗುವುದಿಲ್ಲ. ಹೀಟರ್, ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಅಲ್ಲೇ ಮರೆಯಾಗುತ್ತವೆ. ಸ್ಕಿಮ್ಮರ್ ಬಟ್ಟಲಿನ ಕಂದು ಬಣ್ಣದ, ಮೂಗು ಮುಚ್ಚಿಕೊಳ್ಳುವಂಥ ನೀರನ್ನು ಒಮ್ಮೆ ಚೆಲ್ಲಿದವರಿಗೆ ಅದರ ಉಪಯೋಗ ವಿವರಿಸಬೇಕಿಲ್ಲ.

ಒಂದು ಎಚ್ಚರಿಕೆ: ವಿದ್ಯುತ್ ಹೋದಾಗ ಸಂಪ್‌ನಿಂದ ನೀರು ಮೇಲೆತ್ತುವ ಪಂಪ್ ನಿಂತು, ಮೇಲಿನ ತೊಟ್ಟಿಯಿಂದ ಸ್ವಲ್ಪ ನೀರು ಸಂಪ್‌ಗೆ ಇಳಿಯುತ್ತದೆ. ಅಷ್ಟು ಜಾಗ ಖಾಲಿ ಇಲ್ಲದಿದ್ದರೆ ನೆಲವೆಲ್ಲ ಉಪ್ಪುನೀರು. ಮೀನು ಬಿಡುವ ಮೊದಲೇ ಪಂಪ್ ಆರಿಸಿ, ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ.