ತೊಡೆದೇವು ಗೃಹೋದ್ಯಮವೋ, ದೊಡ್ಡ ಮಿಠಾಯಿ ಕಂಪನಿಯೋ? ಎರಡೂ ಕಡೆ ದುಡಿದವಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕಂಪನಿಯೇ ಸೈ. ಶಿರಸಿ ಕಡೆ ಈ ಮಾತು ಹೇಳಿದರೆ ಹಿರಿಯರಿಗೆ ಬೇಸರ. 'ಮನೆ ಹತ್ತಿರವೇ ಕೆಲಸ ಇತ್ತಲ್ಲ, ಅಷ್ಟು ದೂರ ಯಾಕೆ ಹೋದೆ' ಎಂದು ಈಗಲೂ ಕೇಳುತ್ತಾರೆ. ಈ ಸಲ ರಜೆಗೆ ಬಂದಾಗ ಪಕ್ಕದ ಮನೆಯ ಹುಡುಗಿ ಬಂದು ಕೂತಳು. ಪಿಯುಸಿ ಮುಗಿಸಿದ್ದಾಳೆ. 'ಅಕ್ಕಾ, ಇಲ್ಲೇ ಇರಲಾ, ನಿನ್ನ ಹಾಗೆ ಹೋಗಲಾ?' ಅಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎರಡೂ ಸಿಹಿ ಮಾಡುವ ಕೆಲಸವೇ. ಎರಡೂವರೆ ವರ್ಷ ನಮ್ಮೂರಿನ ಒಂದು ಮನೆಯ ಹಿತ್ತಿಲಲ್ಲಿ, ಆರು ಹೆಂಗಸರ ಗೃಹೋದ್ಯಮದಲ್ಲಿ ತೊಡೆದೇವು ಎಂಬ ತೆಳು ಸಿಹಿ ತಿಂಡಿ ಮಾಡಿದೆ. ಈಗ ಮೂರು ವರ್ಷದಿಂದ, ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಇಳಿಯುವಷ್ಟು ದೂರದ ದೊಡ್ಡ ಮಿಠಾಯಿ ಕಂಪನಿಯಲ್ಲಿ ಇದ್ದೇನೆ. ಮಧ್ಯೆ ಎರಡು ತಿಂಗಳು ಕಾರವಾರದ ಬೇಕರಿಯೊಂದರಲ್ಲಿದ್ದೆ. ನಿಂತು ನಿಂತು ಕಾಲು ಊದಿತು, ಬಿಟ್ಟೆ.

ಕೆಲಸದ ಖುಷಿ ನೋಡಿದರೆ ತೊಡೆದೇವಿಗೆ ಸಾಟಿ ಇಲ್ಲ. ಉರಿಯುವ ಒಲೆಯ ಮೇಲೆ ಮಣ್ಣಿನ ಗಡಿಗೆಯನ್ನು ಬೋರಲು ಹಾಕಬೇಕು. ಕಬ್ಬಿನ ಹಾಲಿನಲ್ಲಿ ಕಲಸಿದ ತೆಳ್ಳನೆಯ ಅಕ್ಕಿ ಹಿಟ್ಟಿಗೆ ಬಟ್ಟೆ ಸುತ್ತಿದ ಕೋಲು ಅದ್ದಿ, ಗಡಿಗೆಯ ಬೆನ್ನಿಗೆ ಒಂದೇ ಸಲ ಬಳಿಯಬೇಕು. ಚೊಂಯ್ ಎನ್ನುತ್ತದೆ. ಎರಡು ಉಸಿರಿನಲ್ಲಿ ಅಂಚು ಏಳುತ್ತದೆ. ಆಗಲೇ ಬಿಡಿಸಿ, ಬಿಸಿ ಆರುವ ಮೊದಲು ಮಡಚಬೇಕು. ಸ್ವಲ್ಪ ತಡವಾದರೂ ಮುರಿಯುತ್ತದೆ. ಕೈ ಕುದುರಲು ನನಗೆ ಆಲೆಮನೆಯ ಒಂದು ಹಂಗಾಮು ಪೂರ್ತಿ ಬೇಕಾಯಿತು. ಆಮೇಲೆ ಕಣ್ಣು ಮುಚ್ಚಿ ಬಳಿಯುವಷ್ಟು ಪಳಗಿದೆ. ಆ ಹೆಮ್ಮೆ ಇವತ್ತಿಗೂ ಇದೆ.

ಕಂಪನಿಯಲ್ಲಿ ಅಂಥ ಕೈಕೆಲಸ ಇಲ್ಲ. ಸಕ್ಕರೆ ಮತ್ತು ಲಿಕ್ವಿಡ್ ಗ್ಲೂಕೋಸನ್ನು 145 ಡಿಗ್ರಿ ಆಸುಪಾಸಿನವರೆಗೆ ಕುದಿಸುವವರು ಬೇರೆ. ನಾನು ಮಿಠಾಯಿಗೆ ಕಾಗದ ಸುತ್ತುವ ಮಷಿನ್ನಿನ ಮುಂದೆ. ಎರಡು ತುದಿಯೂ ಸರಿಯಾಗಿ ತಿರುಚಿದೆಯಾ, ಒಡೆದದ್ದು ಬಂತಾ, ನೋಡಿ ಆರಿಸುವುದು. ದಿನಕ್ಕೆ ಎಂಟು ಗಂಟೆ ಇದೇ. ಬೇಸರ ಬರುತ್ತದೆ, ಸುಳ್ಳು ಹೇಳುವುದಿಲ್ಲ.

ಆದರೆ ನಾನು ಊರಿನ ಕೆಲಸ ಬಿಟ್ಟಿದ್ದು ಮಳೆಗಾಲದ ಥಂಡಿಗೆ, ಅಂದರೆ ಗಾಳಿಯ ತೇವಕ್ಕೆ.

ತೊಡೆದೇವು ಕಾಗದದಷ್ಟು ತೆಳು. ಅದರಲ್ಲಿರುವ ಬೆಲ್ಲ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಜನವರಿಯಿಂದ ಮೇ ತನಕ ತೊಂದರೆ ಇಲ್ಲ. ಜೂನ್ ಬಂತೆಂದರೆ ಕಬ್ಬಿನ ಹಾಲೂ ಇಲ್ಲ, ನೀರಾಗಿರುವ ಜೋನಿ ಬೆಲ್ಲದಲ್ಲೇ ಮಾಡಬೇಕು. ಗಡಿಗೆಯಿಂದ ತೆಗೆದದ್ದು ಗರಿಗರಿಯಾಗೇ ಇರುತ್ತದೆ. ಪ್ಯಾಕ್ ಮಾಡಲು ಕೂರುವಷ್ಟರಲ್ಲಿ ಒದ್ದೆ ಕಾಗದದ ಹಾಗೆ ಬಾಗುತ್ತದೆ. ನಾವು ಮಾಡದ ಉಪಾಯ ಇಲ್ಲ. ಒಲೆಯ ಪಕ್ಕವೇ ಕೂತು ಪ್ಲಾಸ್ಟಿಕ್ ಕೊಟ್ಟೆಗೆ ತುಂಬಿದೆವು. ರಾತ್ರಿ ಡಬ್ಬಿಗಳನ್ನು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟೆವು, ಹೊಗೆಯ ವಾಸನೆ ಹಿಡಿಯಿತು. ಸೀಲಿಂಗ್ ಮಷಿನ್ ಇತ್ತು, ಆದರೆ ಮಳೆಗೆ ದಿನಾ ಕರೆಂಟ್ ಹೋಗುತ್ತಿತ್ತು. ಕರೆಂಟ್ ಹೋದಾಗ ಅರ್ಧ ಸೀಲಾದ ಪ್ಯಾಕೆಟ್ ಹಾಗೇ ಉಳಿಯುತ್ತಿತ್ತು.

ಅಂಗಡಿಯವರು ಮೆತ್ತಗಾದದ್ದನ್ನು ಇಟ್ಟುಕೊಳ್ಳುವುದಿಲ್ಲ. ವಾಪಸ್ ಕಳಿಸುತ್ತಾರೆ. ವಾಪಸ್ ಬಂದ ಪ್ಯಾಕೆಟ್ಟಿನ ಲೆಕ್ಕ ನಮ್ಮ ಆರು ಜನರ ಕೂಲಿಯಲ್ಲಿ ಮುರಿಯುತ್ತಿತ್ತು. ಒಂದು ಜುಲೈನಲ್ಲಿ ನನ್ನ ಲೆಕ್ಕ 4,100 ರೂಪಾಯಿ ಆಗಿತ್ತು, ಕೈಗೆ ಬಂದದ್ದು 2,900. 'ಎಂತ ಮಾಡದು ತಂಗೀ, ಮಳೆಗಾಲ ಅಲ್ದಾ?' ಅಂದರು ಗೃಹೋದ್ಯಮ ನಡೆಸುವ ಮನೆಯ ಅಕ್ಕ. ಅವರು ಕೆಟ್ಟವರಲ್ಲ. ಮಧ್ಯಾಹ್ನ ಅವರ ಮನೆಯಲ್ಲೇ ನಮಗೆಲ್ಲ ಊಟ. ಅವರಿಗೂ ನಷ್ಟವೇ ಆಗಿತ್ತು. ಆದರೆ ನಾನು ಬಳಿದ ತೊಡೆದೇವಿನಲ್ಲಿ ತಪ್ಪೇನಿತ್ತು? ಮಳೆ ಬಂದದ್ದಕ್ಕೆ ನಾನು 1,200 ಕೊಟ್ಟ ಹಾಗಾಯಿತು. ಆ ತಿಂಗಳು ತಮ್ಮನ ಫೀಸಿಗೆ ಅಮ್ಮ ಸಂಘದಲ್ಲಿ ಸಾಲ ಎತ್ತಿದಳು. ಅದು ನನ್ನ ಮನಸ್ಸಿನಿಂದ ಹೋಗಲೇ ಇಲ್ಲ.

ಕಂಪನಿಗೆ ಸೇರಿದ ಮೇಲೆ ಗೊತ್ತಾಯಿತು, ಅಲ್ಲಿಯೂ ಥಂಡಿಯದೇ ಕಾಟ. ಗಟ್ಟಿ ಮಿಠಾಯಿಯಲ್ಲಿ ನೀರಿನ ಅಂಶ ನೂರಕ್ಕೆ ಎರಡು ಮೂರು ಪಾಲು ಅಷ್ಟೇ. ಒಳಗೆ ಗಾಜಿನ ಹಾಗೆ ಇರುತ್ತದೆ. ಥಂಡಿ ಗಾಳಿ ತಾಗಿದರೆ ಮೊದಲು ಅಂಟುತ್ತದೆ, ಆಮೇಲೆ ಸಕ್ಕರೆ ಹರಳುಗಟ್ಟಿ ಬೆಳ್ಳಗಾಗುತ್ತದೆ. ಅದಕ್ಕೇ ಪ್ಯಾಕಿಂಗ್ ರೂಮಿನ ಗಾಳಿಯಿಂದ ತೇವ ಹೀರಲು ದೊಡ್ಡ ಮಷಿನ್ ಇದೆ. ಗೋಡೆಯಲ್ಲಿ ತೇವ ತೋರಿಸುವ ಮೀಟರ್. ಮೊದಲ ಮಳೆಗಾಲದಲ್ಲಿ ಹೊರಗೆ ಧೋ ಎಂದು ಸುರಿಯುವಾಗ ಒಳಗೆ ಆ ಮೀಟರ್ ನೂರಕ್ಕೆ 42 ತೋರಿಸುತ್ತಿತ್ತು, ಅಂದರೆ ಒಣ ಗಾಳಿ. ನಮ್ಮ ಹಿತ್ತಿಲಿಗೆ ಇಂಥದ್ದೊಂದು ಇದ್ದಿದ್ದರೆ ಎಂದುಕೊಂಡು ನೋಡುತ್ತಾ ನಿಂತಿದ್ದೆ.

ಒಂದು ಸಂಜೆ ಆ ಮಷಿನ್ ಕೆಟ್ಟಿತು. ಗಂಟೆಯೊಳಗೆ ಮಿಠಾಯಿ ಕಾಗದಕ್ಕೆ ಅಂಟಿಕೊಂಡು ಬರತೊಡಗಿತು. ಲೈನ್ ನಿಲ್ಲಿಸುವಷ್ಟರಲ್ಲಿ ಕ್ರೇಟುಗಟ್ಟಲೆ ಹಾಳಾಗಿತ್ತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಸೂಪರ್‌ವೈಸರ್ ಹತ್ತಿರ ಹೋಗಿ 'ಸರ್, ನನಗೆ ಎಷ್ಟು ಮುರಿಯುತ್ತೀರಿ?' ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಎರಡನೇ ಸಲ ಬಿಡಿಸಿ ಕೇಳಿದೆ. 'ನಿನಗ್ಯಾಕೆ ಮುರಿಯೋದು? ಇದೆಲ್ಲ ರೀವರ್ಕಿಗೆ ಹೋಗತ್ತೆ' ಅಂದರು. ಅಂದರೆ ಕಾಗದ ಬಿಡಿಸಿ, ನೀರಿನಲ್ಲಿ ಕರಗಿಸಿ, ಹೊಸ ಪಾಕಕ್ಕೆ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾರೆ. ಮುಂದಿನ 7ನೇ ತಾರೀಖು ಸಂಬಳ ಪೂರ್ತಿ ಬಂತು. ಮೊಬೈಲಿನ ಆ ಮೆಸೇಜನ್ನು ಬಹಳ ದಿನ ಅಳಿಸದೆ ಇಟ್ಟುಕೊಂಡಿದ್ದೆ.

ದುಡ್ಡಿನ ಲೆಕ್ಕ ಇಷ್ಟು. ಕಂಪನಿಯಲ್ಲಿ ಎಲ್ಲ ಮುರಿದು ಕೈಗೆ 14,200. ರೂಮು, ಊಟ, ಬಸ್ಸು ಕಳೆದು ಊರಿಗೆ 7,000 ಕಳಿಸುತ್ತೇನೆ. ತೊಡೆದೇವಿನಲ್ಲಿ ಒಳ್ಳೆಯ ತಿಂಗಳು 8,000 ದಾಟಿದ್ದೂ ಇದೆ, ಖರ್ಚೂ ಇರಲಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಊರೇ ಮೇಲು. ವರ್ಷ ಪೂರ್ತಿ ಕೂಡಿಸಿದರೆ ಕಂಪನಿ ಮೇಲು. ಪಿಎಫ್, ಅಂದರೆ ಭವಿಷ್ಯ ನಿಧಿ, ಬೇರೆ ಇದೆ. ನನ್ನ 12 ಪರ್ಸೆಂಟ್ ಹೋದರೆ ಅವರೂ ಅಷ್ಟೇ ಹಾಕುತ್ತಾರೆ. ಚಿಕಿತ್ಸೆಗೆ ಇರುವ ವಿಮೆ ಇಎಸ್‌ಐಗೆ ನನ್ನದು 0.75 ಪರ್ಸೆಂಟ್, ಅವರದು 3.25. ಅಮ್ಮನಿಗೂ ಅದರಲ್ಲೇ ಔಷಧಿ ಸಿಗುತ್ತಿದೆ. ಆರು ಜನರ ಗೃಹೋದ್ಯಮಕ್ಕೆ ಇದ್ಯಾವುದೂ ಬರುವುದಿಲ್ಲ. ಇಎಸ್‌ಐಗೆ ಹತ್ತು ಜನ ಬೇಕು, ಪಿಎಫ್‌ಗೆ ಇಪ್ಪತ್ತು.

ಕಂಪನಿಯಲ್ಲಿ ನನಗೆ ಸರಿ ಬಾರದ್ದೂ ಇದೆ. ಬಳೆ, ಹೂವು, ಕಿವಿಯೋಲೆ ಎಲ್ಲ ಗೇಟಿನ ಲಾಕರಿನಲ್ಲಿ. ಗಾಜಿನ ಚೂರು ಮಿಠಾಯಿಗೆ ಬಿದ್ದರೆ ಯಾರದೋ ಮಗುವಿನ ಬಾಯಿಗೆ ಹೋಗುತ್ತದೆ, ಅದಕ್ಕೆ. ಕಾರಣ ಒಪ್ಪುತ್ತೇನೆ. ಆದರೂ ಬೋಳು ಕೈ ನೋಡಿದಾಗ ಕಷ್ಟ ಆಗುತ್ತದೆ. ಶಿಫ್ಟ್ ವಾರಕ್ಕೊಮ್ಮೆ ಬದಲು. ಕ್ಯಾಂಟೀನ್ ಊಟ ನಡೆಯುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಎರಡೇ ದಿನ ರಜೆ ಸಿಕ್ಕಿತು. ಪೆಪ್ಪರ್‌ಮಿಂಟ್ ವಾಸನೆ ಕೂದಲಿನಿಂದ ಹೋಗುವುದೇ ಇಲ್ಲ.

ಇನ್ನೊಂದು ಮಾತು. ನನ್ನನ್ನು ಸೇರಿಸಿದ್ದು ಕಾಂಟ್ರಾಕ್ಟರ್. ಪಿಎಫ್‌ನಲ್ಲಿ ನನ್ನ ಹೆಸರಿನ ಅಕ್ಷರ ಆಧಾರಿನ ಹಾಗೆ ಬರೆದಿರಲಿಲ್ಲ. ಸರಿ ಮಾಡಿಸಲು ಐದು ತಿಂಗಳು ಓಡಾಡಿದೆ. ಮೊದಲ ತಿಂಗಳೇ ನಿಮ್ಮ ಪಿಎಫ್‌ನ ಯುಎಎನ್ ನಂಬರ್ ಕೇಳಿ ತೆಗೆದುಕೊಂಡು, ಹೆಸರು ಸರಿ ಇದೆಯಾ ನೋಡಿಕೊಳ್ಳಿ.

ಮನೆಗೆ ಅಡಿಕೆ ತೋಟ ಇದ್ದು, ಕೂಲಿ ಮೇಲುಖರ್ಚಿಗೆ ಮಾತ್ರ ಬೇಕಾದರೆ, ಜನವರಿಯಿಂದ ಮೇ ತನಕ ತೊಡೆದೇವು ಮಾಡಿ. ಅಂಥ ಕೆಲಸ ಬೇರೆ ಕಡೆ ಸಿಗುವುದಿಲ್ಲ. ನಮಗೆ ತೋಟ ಇಲ್ಲ. ತಮ್ಮನ ಡಿಪ್ಲೊಮಾ ಇನ್ನೂ ಒಂದು ವರ್ಷ ಇದೆ. ನನಗೆ ಎಲ್ಲಿ ಮಲಗಿದರೂ ನಿದ್ದೆ ಬರುತ್ತದೆ, ಶಿಫ್ಟಿನ ಚಿಂತೆ ಇಲ್ಲ. ಜುಲೈನಲ್ಲಿ ಎಷ್ಟು ಬರುತ್ತದೆ ಎಂದು ಜೂನ್‌ನಲ್ಲೇ ಗೊತ್ತಿರಬೇಕು, ಅಷ್ಟೇ.

ಪಕ್ಕದ ಮನೆಯ ಹುಡುಗಿ ಮುಂದಿನ ವಾರ ನನ್ನ ಜೊತೆ ಬರುತ್ತಿದ್ದಾಳೆ. ಬಸ್ಸಿನಲ್ಲಿ ಎರಡು ಸೀಟು ಬುಕ್ ಮಾಡಿದ್ದೇನೆ. ಇವತ್ತು ತೊಡೆದೇವಿನ ಅಕ್ಕನ ಮನೆಗೆ ಹೋಗಿ ರೂಮಿನವರಿಗೆಂದು ಆರು ಪ್ಯಾಕೆಟ್ ತೊಡೆದೇವು ತಂದೆ. ಬೇಡ ಬೇಡ ಅಂದರೂ ದುಡ್ಡು ಕೊಟ್ಟೇ ತಂದೆ.