ಚಿಮಣಿಗೆ ಟೋಪಿ ಹಾಕಿಸಲು ಹೋಗಿ ನಾನೇ ಟೋಪಿ ಹಾಕಿಸಿಕೊಂಡೆ

ಮಡಿಕೇರಿ ಹತ್ತಿರ ನಮ್ಮದು ಅಜ್ಜನ ಕಾಲದ ಹೆಂಚಿನ ಮನೆ. ಹಾಲ್‌ನಲ್ಲಿ ಹಳೇ ಫೈರ್‌ಪ್ಲೇಸ್ ಇದೆ. ಸೌದೆ ತಿನ್ನುತ್ತಿತ್ತೇ ಹೊರತು ಕಾವು ಕೊಡುತ್ತಿರಲಿಲ್ಲ. ಅದಕ್ಕೇ ಹೋದ ಬೇಸಿಗೆಯಲ್ಲಿ ಗಾಜಿನ ಬಾಗಿಲಿನ ಕಬ್ಬಿಣದ ಒಲೆಯೊಂದನ್ನು ಅದರೊಳಗೇ ಕೂರಿಸಿ, ಚಿಮಣಿಯಲ್ಲಿ 6 ಇಂಚಿನ ಸ್ಟೀಲ್ ಲೈನರ್, ಅಂದರೆ ಹೊಗೆ ಹೋಗುವ ಒಳಪೈಪು, ಇಳಿಸಿದೆವು. ಎಡವಿದ್ದು ತುದಿಯ ಟೋಪಿಯಲ್ಲಿ, ಅಂದರೆ ಮಳೆ, ಹಕ್ಕಿ ತಡೆಯೋ ಮುಚ್ಚಳದಲ್ಲಿ.

ಲೈನರ್ ಕೊಟ್ಟವರು ಅದಕ್ಕೆ ಹೊಂದುವ ಟೋಪಿಯನ್ನೂ ತೋರಿಸಿದ್ದರು. ಬೆಲೆ ಕೇಳಿ, ಒಂದು ಮುಚ್ಚಳಕ್ಕೆ ಇಷ್ಟಾ ಅನಿಸಿತು. ಊರಿನ ವೆಲ್ಡಿಂಗ್ ಶೆಡ್ಡಿನಲ್ಲಿ ಜಿಐ (ಸತುವಿನ ಲೇಪದ ಕಬ್ಬಿಣ) ಶೀಟಿನದ್ದು ಮಾಡಿಸಿದೆ. ಸುತ್ತ ಸಣ್ಣ ಕಣ್ಣಿನ ಜಾಲರಿ. "ಹಕ್ಕಿ ಬಿಡಿ ಸಾರ್, ಸೊಳ್ಳೆನೂ ಒಳಗೆ ಹೋಗಲ್ಲ" ಅಂದರು. ನಿಜ, ಸೊಳ್ಳೆ ಒಳಗೆ ಹೋಗಲಿಲ್ಲ. ಹೊಗೆ ಹೊರಗೆ ಹೋಗಲಿಲ್ಲ.

ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆ ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಒಲೆ ಹಗಲೂ ರಾತ್ರಿ ಉರಿಯುತ್ತಿತ್ತು. ಒಂದು ರಾತ್ರಿ ಸೌದೆ ತುರುಕಲು ಬಾಗಿಲು ತೆಗೆದರೆ ಹೊಗೆಯೆಲ್ಲ ಮುಖಕ್ಕೆ ಬಂತು. ಅಷ್ಟರಲ್ಲಿ ಅಮ್ಮ, "ತಲೆ ಸಿಡೀತಿದೆ ಮಗ, ವಾಂತಿ ಬರೋ ಹಾಗಿದೆ" ಅಂದರು. ಕಿಟಕಿಗಳನ್ನೆಲ್ಲ ತೆಗೆದು, ಅವರನ್ನು ಹೊರಗೆ ಜಗಲಿಯಲ್ಲಿ ಕೂರಿಸಿದೆವು. ನಿಧಾನಕ್ಕೆ ಸುಧಾರಿಸಿಕೊಂಡರು. ಹೊಗೆಯ ಜೊತೆ ಬರೋ ವಿಷಗಾಳಿ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಜೊತೆಗೆ ಹೊಗೆ ಕಂಡಿದ್ದೇ ನಮ್ಮ ಪುಣ್ಯ.

ಮಳೆ ಬಿಟ್ಟ ಗಳಿಗೆ ನೋಡಿ ಹುಡುಗರು ಮೇಲೆ ಹತ್ತಿದರು. ಜಾಲರಿಯ ಒಂದು ಕಣ್ಣೂ ಕಾಣುತ್ತಿರಲಿಲ್ಲ, ಡಾಂಬರು ಬಳಿದ ಹಾಗೆ ಮಸಿ. ಇಂಥ ಒಲೆ ಕಾವನ್ನು ಮನೆಗೇ ಎಳೆದುಕೊಳ್ಳುತ್ತೆ. ಹಾಗಾಗಿ ತೆರೆದ ಬೆಂಕಿಯ ಹೊಗೆಯಷ್ಟು ಬಿಸಿ ಇದರ ಹೊಗೆಗೆ ಇರಲ್ಲ. ತುದಿಯ ತಣ್ಣನೆ ತಗಡು ಮುಟ್ಟಿದ್ದೇ ಅದರಲ್ಲಿರೋ ಟಾರು ಅಲ್ಲೇ ಅಂಟುತ್ತೆ. ಮೇಲಾಗಿ ಮುಚ್ಚಳ ಪೈಪಿನ ಬಾಯಿಂದ ಬರೀ 2 ಇಂಚು ಮೇಲಿತ್ತು. ಪೂರ್ತಿ ತೆರೆದಿದ್ದರೆ ಅಷ್ಟು ಸಂದು ಹೇಗೋ ಸಾಕಾಗುತ್ತಿತ್ತು. ಜಾಲರಿ ಅರ್ಧ ಕಟ್ಟಿದರೂ ಸಾಕು, ಹೊಗೆಗೆ ದಾರಿ ಸಾಲದು. ಟೋಪಿ ಕಳಚೋಣ ಅಂದರೆ ರಿವೆಟ್ ಹೊಡೆದಿದ್ದಾರೆ! ಜಾರುವ ಹೆಂಚಿನ ಮೇಲೆ ಕೂತು ಡ್ರಿಲ್ ಮಾಡಿ ತೆಗೆಸಬೇಕಾಯಿತು. ಜಿಐ ಆಗಲೇ ತುಕ್ಕು ಹಿಡಿದಿತ್ತು.

ಈಗ ಹಾಕಿಸಿರೋದು ಲೈನರ್‌ಗೇ ಹೊಂದುವ ಸ್ಟೇನ್‌ಲೆಸ್ ಟೋಪಿ. ಕ್ಲ್ಯಾಂಪ್ ಸಡಿಲಿಸಿದರೆ ಕೈಗೆ ಬರುತ್ತೆ. ಜಾಲರಿಯ ಕಣ್ಣು ಅರ್ಧ ಇಂಚಿಗಿಂತ ಜಾಸ್ತಿ, ಹಕ್ಕಿ ತಡೆಯಲು ಅಷ್ಟು ಸಾಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕೆಳಗಿನಿಂದ ಬೈನಾಕ್ಯುಲರ್‌ನಲ್ಲಿ ನೋಡುತ್ತೇನೆ, ಅಮ್ಮನಿಗೆ ತಮಾಷೆ. ಮಾನಾಕ್ಸೈಡ್ ಅಲಾರಂ ಕೂಡ ತಂದಿಟ್ಟಿದ್ದೇನೆ.

ತಪ್ಪೆಲ್ಲ ಶೆಡ್ಡಿನವರದ್ದೇ ಅಂತ ನಾನು ಅನ್ನಲ್ಲ. ಹಸಿ ಸಿಲ್ವರ್ ಓಕ್ ಉರಿಸಿದ್ದು ನಾನೇ. ಹಸಿ ಸೌದೆಗೆ ಮಸಿ ದುಪ್ಪಟ್ಟು ಅಂತ ಅಜ್ಜಿ ಹೇಳುತ್ತಲೇ ಇದ್ದರು.

ಇನ್ನೊಂದು ಮರೆತೆ. ಲೈನರ್‌ಗೂ ಹಳೇ ಇಟ್ಟಿಗೆ ಚಿಮಣಿಗೂ ನಡುವಿನ ಸಂದನ್ನು ಮೇಲೆ ಪ್ಲೇಟ್ ಹಾಕಿ ಸೀಲ್ ಮಾಡಿಸಿ. ನಮ್ಮದಕ್ಕೆ ಮಾಡಿರಲಿಲ್ಲ. ಟೋಪಿ ಬರೀ ಪೈಪಿಗೆ ಕೊಡೆ ಹಿಡಿಯಿತು, ಮಳೆನೀರು ಪಕ್ಕದಿಂದ ಇಳಿಯಿತು. ಹಾಲ್‌ನ ಗೋಡೆ ಇನ್ನೂ ಒಣಗಿಲ್ಲ. ಪುತ್ತರಿ (ಸುಗ್ಗಿ ಹಬ್ಬ) ಕಳೆಯಲಿ, ಆಮೇಲೆ ಬಣ್ಣ ಹೊಡೆಯೋಣ ಅಂತ ಪೇಂಟರ್ ಹೇಳಿ ಹೋಗಿದ್ದಾನೆ.