ನಂದಿ ಏರುವ ಕಾರಿಗೆ ಕ್ಲಚ್ ಸೆಟ್: ಡಬ್ಬಿಯಲ್ಲಿ ಏನಿದೆ, ಏನಿಲ್ಲ

ಚಿಕ್ಕಬಳ್ಳಾಪುರದಲ್ಲಿ ಬಿಡಿಭಾಗದ ಅಂಗಡಿಗೆ ಹೋಗಿ ಕ್ಲಚ್ ಕೇಳಿದರೆ ಕೌಂಟರಿನಿಂದ ಬರುವ ಮೊದಲ ಪ್ರಶ್ನೆ, ‘ಪ್ಲೇಟ್ ಒಂದೇ ಸಾಕಾ, ಸೆಟ್ ಕೊಡ್ಲಾ?’ ಸೆಟ್ ಅಂದರೆ ಒಂದೇ ಡಬ್ಬಿಯಲ್ಲಿ ಇಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟು, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟು, ಪೆಡಲ್ ತುಳಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗು. ವ್ಯಾಲಿಯೋ, ಲುಕ್, ಎಕ್ಸೆಡಿ ಇವು ಈ ಸಾಲಿನಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರುಗಳು. ಸಣ್ಣ ಪೆಟ್ರೋಲ್ ಕಾರಿಗೆ ಮಾದರಿ ನೋಡಿಕೊಂಡು ಸುಮಾರು 3ರಿಂದ 6 ಸಾವಿರ ರೂಪಾಯಿ. ಪ್ಲೇಟ್ ಒಂದೇ ಆದರೆ ಅದಕ್ಕಿಂತ ತುಂಬ ಅಗ್ಗ.

ಸೆಟ್ಟೇ ತಗೊಳ್ಳಿ. ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ ಎರಡಕ್ಕೂ ಒಂದೇ. ಹೊಸ ಪ್ಲೇಟಿಗೆ ಹಳೆಯ, ಕಾದು ಬಾಗಿದ ಪ್ರೆಷರ್ ಪ್ಲೇಟ್ ಜೋಡಿಸಿದರೆ ಮೈ ಪೂರ್ತಿ ಕೂರುವುದಿಲ್ಲ. ಹಳೆಯ ಬೇರಿಂಗು ಐದಾರು ತಿಂಗಳಿಗೆ ಕಿರುಗುಟ್ಟಲು ಶುರು ಮಾಡಿದರೆ ಅದೇ ಕೂಲಿಯನ್ನು ಇನ್ನೊಮ್ಮೆ ತೆರಬೇಕು. ಆದರೆ ಡಬ್ಬಿಯ ಮೇಲೆ ಒಂದು ತಕರಾರು ಇದ್ದೇ ಇದೆ: ಹಳೆಯ ಪ್ಲೇಟನ್ನು ಸುಟ್ಟ ಮೂಲ ಕಾರಣಕ್ಕೆ ಮದ್ದು ಅದರೊಳಗೆ ಇರುವುದಿಲ್ಲ. ಆಯಿಲ್ ಸೀಲ್ ಇಲ್ಲ, ಕೇಬಲ್ ಇಲ್ಲ, ಫ್ಲೈವೀಲ್ (ಪ್ಲೇಟು ಒತ್ತಿಕೊಳ್ಳುವ ಇಂಜಿನ್ ಕಡೆಯ ಚಕ್ರ) ಲೇತ್ ಕೆಲಸ ಇಲ್ಲ. ‘ಹೊಸ ಸೆಟ್ ಹಾಕಿಸಿದರೂ ಆರೇ ತಿಂಗಳಿಗೆ ಜಾರುತ್ತಿದೆ’ ಎಂಬ ದೂರಿನ ಹಿಂದೆ ಬಹುಪಾಲು ಈ ಮೂರರಲ್ಲಿ ಒಂದು ಅಡಗಿರುತ್ತದೆ.

ದುಡ್ಡು ತೆಗೆಯುವ ಮೊದಲು ಕ್ಲಚ್ ನಿಜವಾಗಿ ಜಾರುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಗೇರ್ ಬೀಳುತ್ತಿಲ್ಲ, ರಿವರ್ಸ್ ಹಾಕುವಾಗ ಕರಕರ ಅನ್ನುತ್ತದೆ ಅಂದರೆ ಅದು ಜಾರುವುದಲ್ಲ, ಪೆಡಲ್ ಒತ್ತಿದರೂ ಪ್ಲೇಟು ಹಿಡಿತ ಬಿಡದಿರುವುದು. ಎರಡೂ ಒಂದಕ್ಕೊಂದು ತದ್ವಿರುದ್ಧ. ಕೇಬಲ್ ಸಡಿಲವಾಗಿರುವುದು, ಹೈಡ್ರಾಲಿಕ್‌ನಲ್ಲಿ ಗಾಳಿ ಸೇರಿರುವುದು ಅದಕ್ಕೆ ಕಾರಣ. ಇದನ್ನೇ ಕ್ಲಚ್ ಹೋಗಿದೆ ಎಂದು ತಿಳಿದು ಕೇಬಲ್ಲನ್ನು ಅತಿಯಾಗಿ ಬಿಗಿ ಮಾಡಿಸಿದರೆ ಚೆನ್ನಾಗಿದ್ದ ಕ್ಲಚ್ಚೂ ಜಾರತೊಡಗುತ್ತದೆ.

ಜಾರುವ ಕ್ಲಚ್ಚಿನ ಗುರುತು ಬೇರೆ. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಆರ್‌ಪಿಎಂ ಮುಳ್ಳು ಜಿಗಿಯುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ. ಇದು ಮೊದಲು ಕಾಣುವುದು ನಾಲ್ಕು, ಐದನೇ ಗೇರಿನಲ್ಲಿ. ಒಂದನೇ ಗೇರಿನಲ್ಲಿ ಗಾಡಿ ಹಗುರಾಗಿ ಓಡಿಬಿಡುವುದರಿಂದ ಪ್ಲೇಟಿನ ಮೇಲೆ ಪೂರ್ತಿ ಭಾರ ಬೀಳುವುದು ಕಡಿಮೆ. ಹಾಗಾಗಿ ಊರೊಳಗೆ ಬಿ.ಬಿ. ರಸ್ತೆಯಲ್ಲಿ ಸಂತೆಗೆ ಹೋಗಿಬರುವ ಕಾರಿನ ಯಜಮಾನನಿಗೆ ತಿಂಗಳುಗಟ್ಟಲೆ ಏನೂ ತಿಳಿಯದೆ, ಬಾಗೇಪಲ್ಲಿ ಕಡೆಗೆ ಹೆದ್ದಾರಿ 44 ಹಿಡಿದ ದಿನ ಗೊತ್ತಾಗುತ್ತದೆ.

ಪರೀಕ್ಷೆಯೂ ಅಲ್ಲೇ. ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗಕ್ಕೆ ನಾಲ್ಕನೇ ಗೇರ್ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಮುಳ್ಳು ಮತ್ತು ವೇಗ ಜೊತೆಜೊತೆಗೆ ನಿಧಾನ ಏರಿದರೆ ಸರಿ. ಮುಳ್ಳು ಒಂದೇ ಸಲ ಐನೂರು, ಸಾವಿರ ಮೇಲೆ ಹಾರಿ ವೇಗ ಅಲ್ಲೇ ನಿಂತರೆ ಜಾರುತ್ತಿದೆ. ಇಲ್ಲಿ ಪೆಟ್ರೋಲ್, ಡೀಸೆಲ್ ಭೇದ ಬಹಳ ಜನ ಮರೆಯುತ್ತಾರೆ. 1.3 ಲೀಟರ್ ಡೀಸೆಲ್ ಸ್ವಿಫ್ಟ್ ತನ್ನ 190 ನ್ಯೂಟನ್ ಮೀಟರ್ ಟಾರ್ಕನ್ನು (ತಿರುಗಿಸುವ ಬಲ) 2,000 ಆರ್‌ಪಿಎಂನಲ್ಲೇ ಕೊಟ್ಟುಬಿಡುತ್ತದೆ. 1.2 ಪೆಟ್ರೋಲ್ ಸ್ವಿಫ್ಟಿನ 113 ಬರುವುದು 4,200ಕ್ಕೆ. ಅಂದರೆ ಡೀಸೆಲ್ ಕಾರಿನ ಬಣ್ಣ 2,000ದಲ್ಲೇ ಬಯಲಾದರೆ, ಪೆಟ್ರೋಲ್ ಕಾರನ್ನು ಮೂರನೇ ಗೇರಿನಲ್ಲಿ, ಏರಿನಲ್ಲಿ 4,000ದವರೆಗೆ ಎಳೆಸಿ ನೋಡದೆ ತೀರ್ಪು ಕೊಡಬಾರದು.

ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, 2,000ಕ್ಕೆ ಏರಿಸಿ ಕ್ಲಚ್ ಬಿಡುವ ಪರೀಕ್ಷೆಯೂ ಇದೆ. ಇಂಜಿನ್ ತಟ್ಟನೆ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಕೂಡಲೇ ಕ್ಲಚ್ ಒತ್ತಿ ನಿಲ್ಲಿಸಿ. ಚಕ್ರಕ್ಕೆ ಕಲ್ಲು ಕೊಟ್ಟು, ಮುಂದೆ ಯಾರೂ ಇಲ್ಲದಾಗ, ಒಂದೇ ಸಲ ಮಾಡಿ. ನಾಲ್ಕು ಸಲ ಮಾಡಿ ತೋರಿಸುವ ಮೆಕ್ಯಾನಿಕ್ ಉಳಿದಿದ್ದ ಪ್ಲೇಟನ್ನೂ ಸುಟ್ಟು ಕೊಡುತ್ತಾನೆ.

ಜಾರುತ್ತಿದೆ ಎಂದು ಖಾತ್ರಿಯಾದ ಮೇಲೂ ಗೇರ್‌ಬಾಕ್ಸಿಗೆ ಕೈ ಹಾಕುವ ಮುಂಚೆ ಪೆಡಲ್ ನೋಡಿಸಿ. ಪ್ಲೇಟ್ ಸವೆದಂತೆ ಪ್ರೆಷರ್ ಪ್ಲೇಟಿನ ಡಯಾಫ್ರಮ್ ಸ್ಪ್ರಿಂಗಿನ ಬೆರಳುಗಳು ಬೇರಿಂಗಿನ ಕಡೆಗೆ ಸರಿಯುತ್ತವೆ, ಕೇಬಲ್ಲಿನ ಫ್ರೀ ಪ್ಲೇ, ಅಂದರೆ ಪೆಡಲಿನ ಮೊದಲ ಸಡಿಲ ಓಟ, ತಿಂದುಹೋಗುತ್ತದೆ. ಪ್ಲೇ ಸೊನ್ನೆಯಾದರೆ ಯಾರೂ ಕಾಲಿಡದಿದ್ದರೂ ಕ್ಲಚ್ ಅರೆಬರೆ ಒತ್ತಿದ ಹಾಗೇ. ಫ್ರೀ ಪ್ಲೇ ಕೇಳುವ ಹಳೆಯ ಕೇಬಲ್ ಕಾರುಗಳಲ್ಲಿ ಪೆಡಲ್ ಒತ್ತುವ ಶುರುವಿನಲ್ಲಿ ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಸಡಿಲ ಇರಬೇಕು. ನಿಮ್ಮ ಕಾರಿನ ಪುಸ್ತಕದಲ್ಲಿರುವ ಅಂಕಿಯೇ ಅಂತಿಮ. ಬೇಗ ನೋಡಿದ್ದರೆ ಒಂದು ನಟ್ ತಿರುಗಿಸಿದಲ್ಲಿಗೆ ಕೆಲಸ ಮುಗಿಯುತ್ತದೆ. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಮಾಸ್ಟರ್ ಸಿಲಿಂಡರಿನ ವಾಪಸು ರಂಧ್ರ ಕಸದಿಂದ ಮುಚ್ಚಿಕೊಂಡರೆ ಒತ್ತಡ ಒಳಗೇ ಉಳಿದು ಇದೇ ರೋಗ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಫ್ಲೂಯಿಡ್ ಬದಲಿಸುವ ಖರ್ಚು ಇದರ ಮುಂದೆ ಏನೂ ಅಲ್ಲ.

ಈಗ ಡಬ್ಬಿ ಬಿಚ್ಚೋಣ. ಅಸಲಿ ಪ್ಲೇಟಿನ ಲೈನಿಂಗ್ (ಉಜ್ಜಿ ಹಿಡಿಯುವ ಪದರ) ಎರಡೂ ಕಡೆ ಒಂದೇ ದಪ್ಪ, ರಿವೆಟ್ ತಲೆಗಳು ಒಂದೇ ಆಳದಲ್ಲಿ, ಮೇಲ್ಮೈಯಿಂದ 1 ಮಿ.ಮೀ.ಗಿಂತ ಹೆಚ್ಚು ಕೆಳಗೆ ಕುಳಿತಿರುತ್ತವೆ. ಇದೇ ಆಳ 0.5 ಮಿ.ಮೀ.ಗೆ ಇಳಿದರೆ ಪ್ಲೇಟಿನ ಆಯಸ್ಸು ಮುಗಿಯಿತು ಎಂದೇ ಲೆಕ್ಕ. ರಿವೆಟ್ ಓರೆಕೋರೆ ಇದ್ದರೆ, ಪ್ಲೇಟಿನ ನಡುಭಾಗವಾದ ಹಬ್‌ನ ಸ್ಪ್ರಿಂಗು ಕೈಯಲ್ಲೇ ಗಡಗಡ ಅಲ್ಲಾಡಿದರೆ, ಪಾರ್ಟ್ ನಂಬರ್ ಡಬ್ಬಿಯ ಮೇಲೊಂದು ಲೋಹದ ಮೇಲೊಂದು ಇದ್ದರೆ ವಾಪಸ್ ಕೊಡಿ. ಹಳೆಯ ಪ್ಲೇಟನ್ನು ಪಕ್ಕದಲ್ಲಿಟ್ಟು ವ್ಯಾಸ, ಶಾಫ್ಟಿಗೆ ಕೂರುವ ಸ್ಪ್ಲೈನ್ ಹಲ್ಲಿನ ಲೆಕ್ಕ ನೋಡಬೇಕು. ಒಂದೇ ಹೆಸರಿನ ಕಾರಿಗೆ ಇಂಜಿನ್ ಬದಲಾದಾಗ ಪ್ಲೇಟಿನ ಅಳತೆಯೂ ಬದಲಾಗಿರಬಹುದು.

ಹಳೆಯ ಪ್ಲೇಟಿಗೇ ಹೊಸ ಲೈನಿಂಗ್ ಹೊಡೆದು ಕೊಡುವ ಅಗ್ಗದ ದಾರಿ ಟ್ರ್ಯಾಕ್ಟರಿಗೆ, ಲಾರಿಗೆ ನಡೆದೀತು. ಹಬ್ ಸ್ಪ್ರಿಂಗ್ ಸೋತಿರುವ ಕಾರಿನ ಪ್ಲೇಟಿಗೆ ಬೇಡ, ಗಾಡಿ ಹೊರಡುವಾಗ ಗಡಗಡ ನಡುಗುತ್ತದೆ.

ಗ್ಯಾರೇಜಿನಲ್ಲಿ ನಿಂತು ನೋಡಬೇಕಾದ್ದು ಹಳೆಯ ಪ್ಲೇಟನ್ನು. ಸಮವಾಗಿ ಸವೆದು ರಿವೆಟ್ ಮಟ್ಟಕ್ಕೆ ಬಂದಿದ್ದರೆ ಅದು ದುಡಿದು ತೀರಿದೆ, ಬೇರೆ ತನಿಖೆ ಬೇಡ. ದಪ್ಪ ಇನ್ನೂ ಇದ್ದು ಮೇಲ್ಮೈ ಕನ್ನಡಿಯಂತೆ ಹೊಳೆದರೆ, ಫ್ಲೈವೀಲ್ ಮೇಲೆ ನೀಲಿ ಮಚ್ಚೆ ಬಿದ್ದಿದ್ದರೆ ಪೆಡಲ್ ಅರ್ಧ ಒತ್ತಿ ಓಡಿಸುವ ಹಾಫ್ ಕ್ಲಚ್ಚಿನ ಚಾಳಿ. ಎಣ್ಣೆ ಹಿಡಿದು ಕಪ್ಪಾಗಿದ್ದರೆ ಸೀಲ್ ಸೋರಿದೆ. ಕ್ರ್ಯಾಂಕ್ ಹಿಂದಿನ ಸೀಲಿನಿಂದ ಬಂದದ್ದು ಇಂಜಿನ್ ಆಯಿಲ್, ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನಿಂದ ಬಂದದ್ದಕ್ಕೆ ಗಂಧಕದಂಥ ಘಾಟು ಇರುತ್ತದೆ. ಗೇರ್‌ಬಾಕ್ಸ್ ಇಳಿದಿರುವಾಗ ಈ ಎರಡು ಸೀಲುಗಳನ್ನು ಬದಲಿಸುವುದು ಕೆಲವೇ ನೂರು ರೂಪಾಯಿಯ ಮಾತು. ‘ಇನ್ನೂ ಚೆನ್ನಾಗಿದೆ ಸಾರ್, ಬಿಡಿ’ ಅಂದರೆ ಒಪ್ಪಬೇಡಿ.

ಫ್ಲೈವೀಲ್ ಮೇಲೆ ಮಚ್ಚೆ, ಬಿರುಕು, ಗೀರು ಇದ್ದರೆ ಲೇತಿಗೆ ಕಳಿಸಬೇಕು, ತೀರ ತೆಳುವಾಗಿದ್ದರೆ ಬದಲಿಸಬೇಕು. ಕೆಲವು ಡೀಸೆಲ್ ಕಾರುಗಳ ಡ್ಯುಯಲ್ ಮಾಸ್ ಫ್ಲೈವೀಲನ್ನು (ನಡುವೆ ಸ್ಪ್ರಿಂಗ್ ಇರುವ ಎರಡು ತುಂಡಿನ ಫ್ಲೈವೀಲ್) ಮಾತ್ರ ಮಾಮೂಲಿ ಫ್ಲೈವೀಲಿನ ಹಾಗೆ ಲೇತಿಗೆ ಕೊಡಬಾರದು. ಜೋಡಿಸುವಾಗ ಪ್ಲೇಟಿನ ಮೇಲೆ ಫ್ಲೈವೀಲ್ ಸೈಡ್ ಎಂದು ಬರೆದ ಮುಖ ಇಂಜಿನ್ ಕಡೆಗೇ ಇರಬೇಕು. ಹೊಸ ಪ್ರೆಷರ್ ಪ್ಲೇಟಿಗೆ ತುಕ್ಕು ಬಾರದಂತೆ ಬಳಿದ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಒರೆಸದಿದ್ದರೆ ಹೊಸ ಲೈನಿಂಗ್ ಮೊದಲ ದಿನವೇ ಎಣ್ಣೆ ಕುಡಿಯುತ್ತದೆ. ಸ್ಪ್ಲೈನಿಗೆ ಗ್ರೀಸು ಬೆರಳ ತುದಿಯಷ್ಟು ಸಾಕು, ಹೆಚ್ಚಾದರೆ ತಿರುಗುವಾಗ ಸಿಡಿದು ಲೈನಿಂಗಿಗೇ ಬರುತ್ತದೆ. ಬೇರಿಂಗನ್ನು ಪೆಟ್ರೋಲಿನಲ್ಲಿ ತೊಳೆಯಬಾರದು. ಬೋಲ್ಟುಗಳನ್ನು, ಪ್ಲೇಟನ್ನು ನಡುವಿಗೆ ಕೂರಿಸುವ ಅಲೈನ್‌ಮೆಂಟ್ ಟೂಲ್ ಇಟ್ಟು, ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಸಣ್ಣ ಕಾರುಗಳಲ್ಲಿ ಕೊನೆಯ ಬಿಗಿ ಸುಮಾರು 20ರಿಂದ 25 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿಗೆ ಒಂದು ಅಂಕ ಕಡಿಮೆ.

ನಮ್ಮ ಕಡೆಯ ಕ್ಲಚ್ಚಿನ ದೊಡ್ಡ ಶತ್ರು ನಂದಿ ಬೆಟ್ಟದ ವಾರಾಂತ್ಯ. 1,478 ಮೀಟರ್ ಎತ್ತರದ ಬೆಟ್ಟ, ಸಾಲುಸಾಲು ತಿರುವು, ಸೂರ್ಯೋದಯಕ್ಕೆ ಮುಂಚೆಯೇ ಏರಿನಲ್ಲಿ ಕಾರುಗಳ ಸರತಿ. ಮುಂದಿನ ಗಾಡಿ ಎರಡು ಮಾರು ಸರಿದಾಗಲೆಲ್ಲ ಹಾಫ್ ಕ್ಲಚ್ಚಿನಲ್ಲಿ ತೆವಳುವುದು, ನಡುವೆ ಬ್ರೇಕ್ ಬದಲು ಕ್ಲಚ್ಚಿನಲ್ಲೇ ಕಾರು ಹಿಡಿದು ನಿಲ್ಲಿಸುವುದು. ಎಷ್ಟೇ ಒಳ್ಳೆಯ ಸೆಟ್ಟಾದರೂ ಇದಕ್ಕೆ ತಡೆಯುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್ ಮಾಡಿ, ಮುಂದೆ ಎರಡು ಕಾರಿನಷ್ಟು ಜಾಗ ಸಿಕ್ಕ ಮೇಲೆ ಒಂದೇ ಸಲ ಹೊರಡಿ. ಹಿಂದಿನವನು ಹಾರ್ನ್ ಹೊಡೆದುಕೊಳ್ಳಲಿ.

ಸುಟ್ಟ ವಾಸನೆ ಬಂತೆಂದರೆ ಬದಿಗೆ ನಿಲ್ಲಿಸಿ ನ್ಯೂಟ್ರಲ್ ಮಾಡಿ, ಪೆಡಲ್‌ನಿಂದ ಕಾಲು ತೆಗೆದು, ಇಂಜಿನ್ ಐಡಲ್‌ನಲ್ಲಿ ಬಿಡಿ. ಆಗ ಪ್ಲೇಟು ಫ್ಲೈವೀಲ್ ಜೊತೆಗೇ ಜಾರದೆ ತಿರುಗುತ್ತಾ, ತಿರುಗುವ ಕವರ್ ಗಾಳಿಯಾಡಿಸುತ್ತದೆ. ಅರ್ಧ ಗಂಟೆ ಕಾದರೆ ಸಾಮಾನ್ಯವಾಗಿ ಹಿಡಿತ ಮರಳುತ್ತದೆ. ಮರಳಲಿಲ್ಲವೆಂದರೆ ಬೆಟ್ಟ ಇಳಿಯುವುದೇ ಸರಿ, ಆದರೆ ಗೇರಿನಲ್ಲೇ ಇಳಿಯಿರಿ.

ಹೊಸ ಸೆಟ್ ಹಾಕಿಸಿದ ಮೊದಲ 500 ಕಿ.ಮೀ. ಬೆಟ್ಟಕ್ಕೂ ಬೇಡ, ಡಿಕ್ಕಿ ತುಂಬ ಟೊಮ್ಯಾಟೊ ಕ್ರೇಟು ಹೇರುವುದೂ ಬೇಡ. ಲೈನಿಂಗು ಫ್ಲೈವೀಲಿಗೆ ಒಗ್ಗಿ ಪೂರ್ತಿ ಮೈ ತಾಗಲು ಅಷ್ಟು ಓಟ ಬೇಕು. 1,000 ಕಿ.ಮೀ. ಆದ ಮೇಲೆ ಕೇಬಲ್ ಕಾರಾದರೆ ಫ್ರೀ ಪ್ಲೇ ಇನ್ನೊಮ್ಮೆ ಅಳೆಸಿ. ಹೊಸ ಕೇಬಲ್ ಈ ಹೊತ್ತಿಗೆ ಸ್ವಲ್ಪ ಹಿಗ್ಗಿರುತ್ತದೆ, ಲೈನಿಂಗ್ ಸ್ವಲ್ಪ ಕೂತಿರುತ್ತದೆ.